ಅಜ್ಜನ ಪಿಸ್ತೂಲಿಗೂ ತಪಾಸಣೆ ಬೇಕು

ಸ್ನೇಹದ ಸ್ಪರ್ಧೆ ಅಂದ ಕೂಡಲೇ ಎಲ್ಲರ ಕೈಯೂ ಸ್ವಲ್ಪ ಸಡಿಲಾಗುತ್ತದೆ. ಬಹುಮಾನದ ದುಡ್ಡಿಲ್ಲ, ತಂಡದ ಆಯ್ಕೆ ಇಲ್ಲ, ಬಂದವರೆಲ್ಲ ಮುಖ ಪರಿಚಯದವರೇ. ಕೊಲ್ಹಾಪುರ ಜಿಲ್ಲೆಯ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ನಾನು ರೇಂಜ್ ಆಫೀಸರ್, ಅಂದರೆ ಗುಂಡು ಹಾರಿಸುವ ಜಾಗದ ಸುರಕ್ಷತೆ ನೋಡಿಕೊಳ್ಳುವವನು. ಹಳೇ ಪಿಸ್ತೂಲು ಮತ್ತು ಜೇಬಿನ ಪಿಸ್ತೂಲುಗಳ ಸ್ಪರ್ಧೆ ನಡೆಸುವ ಹೊಣೆ ನನ್ನದೇ. ಈ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ದೊಡ್ಡ ಸ್ಪರ್ಧೆಗಿಂತ ಇಂಥ ಸಣ್ಣ ಸ್ಪರ್ಧೆಗೇ ಜಾಸ್ತಿ ಬಿಗಿ ಬೇಕು.

ಕಾರಣ ಇದೆ. ನಮ್ಮ ಜಿಲ್ಲೆಗೆ ಶೂಟಿಂಗ್ ಹೊಸದಲ್ಲ. ಹೆಸರಾಂತ ಶೂಟರುಗಳಾದ ತೇಜಸ್ವಿನಿ ಸಾವಂತ್, ರಾಹಿ ಸರ್ನೋಬತ್ ಇಲ್ಲಿಯವರು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೂಡ ಈ ಜಿಲ್ಲೆಯವರೇ. ಅಂಥವರ ಕೈಯಲ್ಲಿ ಇರುವುದು ಹೊಸ ಬಂದೂಕು, ಹೊಸ ಕಾಡತೂಸು. ದಿನವೂ ಅಭ್ಯಾಸ ಬೇರೆ. ನಮ್ಮ ಸ್ಪರ್ಧೆಗೆ ಬರುವವರದು ಬೇರೆ ಕಥೆ. ಪಿಸ್ತೂಲು ಅಜ್ಜನ ಕಾಲದ್ದು, ಕಾಡತೂಸು ಕಪಾಟಿನಲ್ಲಿ ಎಷ್ಟು ವರ್ಷದಿಂದ ಕೂತಿದೆಯೋ, ಹಾರಿಸುವವರು ಅದನ್ನು ಹಿಡಿಯುವುದೇ ಅಪರೂಪಕ್ಕೆ.

1980ರ ದಶಕದಲ್ಲಿ ಸರ್ಕಾರ ಹೊರದೇಶದ ಕೈಬಂದೂಕು ತರಿಸುವುದನ್ನು ನಿಲ್ಲಿಸಿತು. ಹಾಗಾಗಿ ವೆಬ್ಲಿ ಅಂಡ್ ಸ್ಕಾಟ್, ಬ್ರೌನಿಂಗ್ 1910, ಕೋಲ್ಟ್ 1903, ಮೌಸರ್ 1914 ಇಂಥ ಹಳೇ ಹೊರದೇಶದ ಪಿಸ್ತೂಲುಗಳೆಲ್ಲ ಮನೆತನದಲ್ಲೇ ಕೈಯಿಂದ ಕೈಗೆ ಬಂದವು. ಗಡಹಿಂಗ್ಲಜ, ಚಂದಗಡ ಕಡೆಯ ಹಳೇ ದೇಸಾಯಿ, ಪಾಟೀಲ ಮನೆಗಳಲ್ಲಿ ಇಂಥದ್ದು ಇದೆ ಅಂದರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಜನ ಅವನ್ನು ದೇವರ ಮನೆಯ ಸಾಮಾನಿನಂತೆ ಜೋಪಾನ ಮಾಡಿದ್ದಾರೆ. ಎಣ್ಣೆ ಹಚ್ಚಿ, ಒರೆಸಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತಾರೆ. ಮೇಲ್ನೋಟಕ್ಕೆ ಲಕಲಕ ಹೊಳೆಯುತ್ತದೆ. ಒಳಗಿನ ಸ್ಪ್ರಿಂಗ್ ಸತ್ತಿರುವುದು ಹೊಳಪಿನಲ್ಲಿ ಕಾಣುವುದಿಲ್ಲ.

ಅದಕ್ಕೇ ನಮ್ಮಲ್ಲಿ ಸ್ಪರ್ಧೆ ಶುರುವಾಗುವುದು ತಪಾಸಣೆ ಟೇಬಲ್ಲಿನಲ್ಲಿ. ಮೊದಲು ಲೈಸೆನ್ಸ್, ಆಮೇಲೆ ಅದರಲ್ಲಿರುವ ನಂಬರು ಪಿಸ್ತೂಲಿನ ನಂಬರಿಗೆ ಹೊಂದುತ್ತದೆಯೋ ಇಲ್ಲವೋ, ಆಮೇಲೆ ಪಿಸ್ತೂಲು. ಮ್ಯಾಗಜಿನ್ (ಕಾಡತೂಸು ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು, ಚೇಂಬರ್ (ನಳಿಗೆಯ ಹಿಂದೆ ಕಾಡತೂಸು ಕೂರುವ ಜಾಗ) ಖಾಲಿ ಅಂತ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು. ಈ ಕ್ರಮ ಹಿಂದುಮುಂದಾಗಬಾರದು. ಮ್ಯಾಗಜಿನ್ ಇದ್ದಾಗಲೇ ಸ್ಲೈಡ್ ಎಳೆದು ಬಿಟ್ಟರೆ ಒಂದು ಕಾಡತೂಸು ಹೊರಗೆ ಬೀಳುತ್ತದೆ, ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಮಾಲೀಕರು ಆಮೇಲೆ ಮ್ಯಾಗಜಿನ್ ತೆಗೆದು "ಖಾಲಿ ಐತ್ರಿ" ಅನ್ನುತ್ತಾರೆ. ಬ್ರೌನಿಂಗ್ 1910, ಮೌಸರ್ 1914ರಲ್ಲಿ ಮ್ಯಾಗಜಿನ್ ಬಿಡಿಸುವ ಚಿಲಕ ಹಿಡಿಕೆಯ ತಳದಲ್ಲಿರುತ್ತದೆ. ಗುಂಡಿ ಒತ್ತಿ ರೂಢಿಯಾದ ಹುಡುಗರು ಅದನ್ನು ಹುಡುಕುತ್ತಾ ಪಿಸ್ತೂಲನ್ನು ಅತ್ತಿತ್ತ ತಿರುಗಿಸುತ್ತಾರೆ. ಹಾಗಾಗಿ ಟೇಬಲ್ಲಿನ ಎದುರು ಯಾರನ್ನೂ ನಿಲ್ಲಿಸುವುದಿಲ್ಲ. ನಳಿಗೆ ಯಾವಾಗಲೂ ಮಣ್ಣಿನ ದಿಬ್ಬದ ಕಡೆಗೇ.

ಮುಂದಿನದು ಪೆನ್ಸಿಲ್ ಪರೀಕ್ಷೆ. ಖಾಲಿ ಪಿಸ್ತೂಲಿನ ನಳಿಗೆ ಮೇಲೆ ಮಾಡಿ, ರಬ್ಬರಿನ ತುದಿ ಒಳಗೆ ಹೋಗುವಂತೆ ಪೆನ್ಸಿಲ್ ಇಳಿಸಿ ಟ್ರಿಗರ್ ಒತ್ತುತ್ತೇವೆ. ಕಾಡತೂಸನ್ನು ಸಿಡಿಸುವ ಮೊಳೆ, ಅಂದರೆ ಫೈರಿಂಗ್ ಪಿನ್, ಗಟ್ಟಿಯಾಗಿ ಬಡಿದರೆ ಪೆನ್ಸಿಲ್ ಹೊರಗೆ ಜಿಗಿಯುತ್ತದೆ. ಸುಮ್ನೆ ಒಂದಿಷ್ಟು ಅಲುಗಾಡಿ ನಿಂತರೆ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಅಂಥ ಪಿಸ್ತೂಲು ಅರ್ಧಕ್ಕರ್ಧ ಕಾಡತೂಸು ಸಿಡಿಸದೆ ಬಿಡುತ್ತದೆ.

ಒಮ್ಮೆ ಗಡಹಿಂಗ್ಲಜ ಕಡೆಯ ಹಿರಿಯರೊಬ್ಬರು .32ರ ವೆಬ್ಲಿ ಅಂಡ್ ಸ್ಕಾಟ್ ತಂದಿದ್ದರು. ಹ್ಯಾಮರ್, ಅಂದರೆ ಫೈರಿಂಗ್ ಪಿನ್ನಿಗೆ ಹೊಡೆಯುವ ಸುತ್ತಿಗೆ, ಹೊರಗೆ ಕಾಣುವ ಮಾದರಿ. ಪೆನ್ಸಿಲ್ ಚೆನ್ನಾಗಿಯೇ ಜಿಗಿಯಿತು. ಆದರೆ ಖಾಲಿ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಟ್ಟಾಗ ಅದರ ಜೊತೆಗೇ ಹ್ಯಾಮರ್ ಕೂಡ ಮುಂದಕ್ಕೆ ಬಿದ್ದುಬಿಟ್ಟಿತು. ಇನ್ನೊಮ್ಮೆ ಮಾಡಿದೆ, ಸರಿಯಾಗಿ ನಿಂತಿತು. ಮತ್ತೊಮ್ಮೆ ಬಿತ್ತು. ಹ್ಯಾಮರ್ ತಡೆದು ಹಿಡಿಯುವ ಒಳಗಿನ ಕೊಕ್ಕೆಯ ಅಂಚು ಸವೆದಿತ್ತು. ಮ್ಯಾಗಜಿನ್ ತುಂಬಿದ್ದಾಗ ಹೀಗಾದರೆ ಬೆರಳು ಟ್ರಿಗರ್ ಮೇಲೆ ಇರದಿದ್ದರೂ ಗುಂಡು ಹಾರಬಹುದು, ಒಂದರ ಹಿಂದೆ ಒಂದು.

"ಕಾಕಾರ, ಇವತ್ತ ಇದನ್ನ ಹಾರಸೂದು ಬ್ಯಾಡ್ರಿ" ಅಂದೆ.

"ಏನಪಾ, ನಮ್ಮ ಮುತ್ಯಾನ ಪಿಸ್ತೂಲು. ಒಂದು ದಿನಾನೂ ತ್ರಾಸ ಕೊಟ್ಟಿಲ್ಲ."

ಅಕ್ಕಪಕ್ಕದವರು "ಹೋಗ್ಲಿ ಬಿಡ್ರಿ, ದೊಡ್ಡವರು ಅದಾರ, ಐದೇ ಗುಂಡು ಅಲ್ಲೇನು" ಅಂದರು. ಇಂಥ ಹೊತ್ತಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ. ನಿಯಮದ ಪುಸ್ತಕ ತೋರಿಸಿದರೆ ಅವರಿಗೆ ಅವಮಾನ ಆಗುತ್ತದೆ. ನಾನು ಪಿಸ್ತೂಲನ್ನು ಅವರ ಕೈಗೇ ಕೊಟ್ಟು, ನೀವೇ ಸ್ಲೈಡ್ ಎಳೆದು ಬಿಟ್ಟು ನೋಡ್ರಿ ಅಂದೆ. ಹ್ಯಾಮರ್ ಬಿತ್ತು. ಕಾಕಾ ಅದನ್ನು ಒಂದು ಕ್ಷಣ ನೋಡಿದರು. ಬಟ್ಟೆ ಬಿಡಿಸಿ ಮತ್ತೆ ಸುತ್ತಿದರು. "ರಿಪೇರಿ ಆಗತೈತೇನು?" ಅಂತ ಕೇಳಿದರು. ಆಗುತ್ತದೆ, ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಹೋಗಬೇಕು, ಕೊಕ್ಕೆಯನ್ನು ಮನೆಯಲ್ಲಿ ಅರ ಹಾಕಿ ತಿಕ್ಕಬಾರದು ಅಂತ ಹೇಳಿದೆ.

ಅವರು ಖಾಲಿ ಕೈಯಲ್ಲಿ ಕೂರಲಿಲ್ಲ. ತಪಾಸಣೆಯಲ್ಲಿ ನಪಾಸಾದವರಿಗೆ ಅಂತಲೇ 10 ಮೀಟರ್ ಏರ್ ಪಿಸ್ತೂಲಿನ ಒಂದು ಸಣ್ಣ ಸ್ಪರ್ಧೆ ಪಕ್ಕದಲ್ಲೇ ಇಟ್ಟಿರುತ್ತೇವೆ. ಅದರ ಗುರಿ ಹಲಗೆಯ ನಡುವೆ ಹತ್ತು ಅಂಕ ಕೊಡುವ ವೃತ್ತ ಬರೀ 11.5 ಮಿಲಿಮೀಟರ್. ಊರಿಂದ ಅಷ್ಟು ದೂರ ಬಂದವರು ಗುರಿ ಹಿಡಿಯದೆ ವಾಪಸ್ ಹೋಗಬಾರದು ಅನ್ನುವುದು ನನ್ನ ಹಟ. ಇದೊಂದು ವ್ಯವಸ್ಥೆ ಇದ್ದರೆ "ಬೇಡ" ಅನ್ನುವುದು ನಮಗೂ ಸುಲಭ, ಕೇಳುವುದು ಅವರಿಗೂ ಸುಲಭ.

ಕಾಡತೂಸಿನ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಎಲ್ಲರೂ ".32 ಬೋರ್" ಅಂದುಬಿಡುತ್ತಾರೆ. ಆದರೆ ಪಿಸ್ತೂಲಿನ .32 ಎಸಿಪಿ (ಆಟೊಮ್ಯಾಟಿಕ್ ಕೋಲ್ಟ್ ಪಿಸ್ಟಲ್) ಕಾಡತೂಸು ಬೇರೆ, ರಿವಾಲ್ವರಿನ .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್ ಬೇರೆ. ಪಿಸ್ತೂಲಿನ ಎಸಿಪಿ ಕಾಡತೂಸು ಕೆಲವು .32 ರಿವಾಲ್ವರುಗಳ ಸಿಲಿಂಡರಿನಲ್ಲಿ ಸಲೀಸಾಗಿ ಕೂತುಬಿಡುತ್ತದೆ. ಅಮೆರಿಕದ ಮಾನದಂಡದಲ್ಲಿ ಎಸಿಪಿಯ ಗರಿಷ್ಠ ಒತ್ತಡ 20,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎಸ್ ಅಂಡ್ ಡಬ್ಲ್ಯೂ ಲಾಂಗ್‌ನದು 15,000. ಹಳೇ ರಿವಾಲ್ವರಿಗೆ ಅದು ತಡೆಯಲಾಗದ ಭಾರ. ಹಾಗಾಗಿ ಪ್ರತಿಯೊಬ್ಬರ ಕಾಡತೂಸನ್ನೂ ಟ್ರೇಯಲ್ಲಿ ಸುರಿದು, ತಳದ ಮುದ್ರೆ ಓದಿ, ಹಸಿರು ಹಿಡಿದದ್ದು, ಜಜ್ಜಿದ್ದು ಬೇರೆ ಮಾಡುತ್ತೇವೆ. ಒಬ್ಬರ ಟ್ರೇಯಿಂದ ಇನ್ನೊಬ್ಬರು ಕಡ ತೆಗೆದುಕೊಳ್ಳುವ ಹಾಗಿಲ್ಲ, ಅಣ್ಣತಮ್ಮಂದಿರಾದರೂ ಸರಿ.

ಲೈನಿನಲ್ಲಿ ನಿಂತ ಮೇಲೆ ನಾನು ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ. "ಢಂ" ಅನ್ನುವ ಜಾಗದಲ್ಲಿ "ಟುಸ್" ಅಂದರೆ ತಕ್ಷಣ "ಸ್ಟಾಪ್". ಮದ್ದು ಸರಿಯಾಗಿ ಉರಿಯದೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಸ್ಲೈಡ್ ತಾನಾಗಿ ಹಿಂದೆ ಬಂದಿರುವುದಿಲ್ಲ. ಹಾರಿಸುವವರು ಜಾಮ್ ಆಯ್ತು ಅಂದುಕೊಂಡು ಕೈಯಿಂದ ಎಳೆದು ಮುಂದಿನದನ್ನು ಹಾರಿಸಿದರೆ ನಳಿಗೆ ಸೀಳುತ್ತದೆ. ಏನೂ ಸದ್ದೇ ಬರದಿದ್ದರೆ ನಳಿಗೆ ಗುರಿಯ ಕಡೆಗೇ ಇಟ್ಟು 30 ಸೆಕೆಂಡ್ ಕಾಯಬೇಕು. ಕೆಲವು ಕಾಡತೂಸು ತಡವಾಗಿ ಸಿಡಿಯುತ್ತವೆ. ಆ ಮೂವತ್ತು ಸೆಕೆಂಡ್ ಎಲ್ಲರಿಗೂ ಬಹಳ ಉದ್ದ ಅನ್ನಿಸುತ್ತದೆ. ನಾನು ಗಟ್ಟಿಯಾಗಿ ಎಣಿಸುತ್ತೇನೆ, ಆಗ ಯಾರೂ ಅವಸರ ಮಾಡುವುದಿಲ್ಲ.

ಜೇಬಿನ ಪಿಸ್ತೂಲಿಗೆ ಕೈಯ ಹಿಡಿತವನ್ನೂ ನೋಡಲೇಬೇಕು. .25ರ ಚಿಕ್ಕ ಬ್ರೌನಿಂಗ್‌ನ ನಳಿಗೆ ಎರಡು ಇಂಚಿನ ಆಸುಪಾಸು. ದೊಡ್ಡ ಕೈಯವರು ಎರಡೂ ಕೈಯಲ್ಲಿ ಹಿಡಿದಾಗ ಎಡಗೈಯ ಬೆರಳು ನಳಿಗೆಯ ಬಾಯಿಗಿಂತ ಮುಂದೆ ಬಂದಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ರಿವಾಲ್ವರ್ ರೂಢಿಯವರು ಎಡ ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಹಾಕುತ್ತಾರೆ. ಸ್ಲೈಡ್ ಹಿಂದೆ ಬಂದಾಗ ಹೆಬ್ಬೆರಳಿನ ಬುಡ ಕೊಯ್ದು ರಕ್ತ ಬರುತ್ತದೆ. ಇದಕ್ಕೇ ಮೊದಲು ಖಾಲಿ ಪಿಸ್ತೂಲಿನಲ್ಲಿ ಹಿಡಿತ ತೋರಿಸಿ ಅನ್ನುತ್ತೇವೆ.

ಇಷ್ಟೆಲ್ಲ ಆದ ಮೇಲೆ ಸ್ಪರ್ಧೆಯ ನಿಯಮ ಬಹಳ ಸರಳ. ಎರಡು ವಿಭಾಗ: ಜೇಬಿನ ಪಿಸ್ತೂಲಿಗೆ 10 ಮೀಟರ್, 1947ಕ್ಕಿಂತ ಹಿಂದಿನ ವಿನ್ಯಾಸದ ದೊಡ್ಡ ಪಿಸ್ತೂಲು, ರಿವಾಲ್ವರಿಗೆ 15 ಮೀಟರ್. ಗುರಿ ಹಲಗೆ 25 ಮೀಟರಿನ ಪ್ರಿಸಿಷನ್ ಕಾಗದವೇ, ಹತ್ತರ ವೃತ್ತ 50 ಮಿಲಿಮೀಟರ್. ಐದು ಗುಂಡಿಗೆ ಐದು ನಿಮಿಷ. ಗಡಿಯಾರದ ಹೆದರಿಕೆ ಇಟ್ಟರೆ ಹಳೇ ಪಿಸ್ತೂಲಿನವರು ಎಡವಟ್ಟು ಮಾಡಿಕೊಳ್ಳುತ್ತಾರೆ. ಅಂಕ ಎಣಿಸುವಾಗ ಎಲ್ಲರ ತೂತಿಗೂ ಒಂದೇ 9.65 ಮಿಲಿಮೀಟರಿನ ಗೇಜ್, ಅಂದರೆ ತೂತಿನಲ್ಲಿ ಇಟ್ಟು ನೋಡುವ ಅಳತೆಯ ಸಾಧನ. ಅಂತರರಾಷ್ಟ್ರೀಯ ಸೆಂಟರ್ ಫೈರ್ ಸ್ಪರ್ಧೆಯಲ್ಲೂ ಅದೇ ಅಳತೆ. ಇದರಿಂದ .25ರ ಸಣ್ಣ ತೂತಿನವರಿಗೆ ಅನ್ಯಾಯ ಆಗುವುದಿಲ್ಲ, ಜಗಳವೂ ಇರುವುದಿಲ್ಲ.

ನಿಪ್ಪಾಣಿ, ಸಂಕೇಶ್ವರ ಕಡೆಯವರು ತಾವೂ ಬರಬಹುದೇ ಅಂತ ಕೇಳುತ್ತಿರುತ್ತಾರೆ. ನಿಪ್ಪಾಣಿಯಿಂದ ನಮ್ಮ ಜಿಲ್ಲೆಯ ಕಾಗಲ ಅರ್ಧ ತಾಸಿನ ದಾರಿ, ಆದರೆ ನಡುವೆ ರಾಜ್ಯದ ಗಡಿ ಇದೆ. ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ ಕರ್ನಾಟಕ ಮಾತ್ರ ಅಂತಿದ್ದರೆ ಪಿಸ್ತೂಲು ತರಬೇಡಿ. ಬರೀ ಕೈಯಲ್ಲಿ ಬನ್ನಿ, ಏರ್ ಪಿಸ್ತೂಲು ನಮ್ಮಲ್ಲಿದೆ. ಇನ್ನು ಚುನಾವಣೆ ಘೋಷಣೆಯಾದರೆ ಹಲವರು ಬಂದೂಕನ್ನು ಪೊಲೀಸ್ ಠಾಣೆಯಲ್ಲಿ ಜಮೆ ಮಾಡಬೇಕಾಗುತ್ತದೆ. ಅದಕ್ಕೇ ನಾವು ತಾರೀಖು ಗೊತ್ತು ಮಾಡುವ ಮೊದಲು ಎರಡೂ ರಾಜ್ಯದ ಚುನಾವಣೆ ಕಡೆ ಒಂದು ಕಣ್ಣಿಟ್ಟಿರುತ್ತೇವೆ. ಬರುವವರು ಲೈಸೆನ್ಸಿನ ಅವಧಿಯನ್ನೂ ಒಮ್ಮೆ ನೋಡಿಕೊಂಡು, ಮೂಲ ಪ್ರತಿಯನ್ನೇ ತನ್ನಿ. ಝೆರಾಕ್ಸ್ ನಡೆಯುವುದಿಲ್ಲ.