ಮಳೆರಾತ್ರಿ ರಸ್ತೆ ದಾಟುವವರು

ಮಾರ್ಚ್ ಕೊನೆಯ ವಾರ. ಮರಗಳ ಬುಡದಲ್ಲಿ ಹಿಮ ಇನ್ನೂ ಅಲ್ಲಲ್ಲಿ ಉಳಿದಿತ್ತು. ಸಂಜೆ ಮಳೆ ಹಿಡಿಯಿತು. ಚಳಿ ಅಷ್ಟಿರಲಿಲ್ಲ, 7 ಡಿಗ್ರಿ ಇದ್ದಿರಬೇಕು. ಎಂಟು ಗಂಟೆಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, "ಇವತ್ತು ಬರ್ತಾವೆ, ಬೇಗ ಹೊರಡು" ಅಂದರು. ತಲೆಗೆ ಟಾರ್ಚ್ ಕಟ್ಟಿಕೊಂಡು, ಹೊಳೆಯುವ ಜಾಕೆಟ್ ಹಾಕಿಕೊಂಡು ಇಬ್ಬರೂ ಕಾಡಂಚಿನ ರಸ್ತೆಗೆ ನಡೆದೆವು.

ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದು ನನಗಿದು 5ನೇ ವಸಂತ. ಇಲ್ಲಿ ಈ ರಾತ್ರಿಗೆ 'ಬಿಗ್ ನೈಟ್' ಅನ್ನುತ್ತಾರೆ. ಚಳಿಗಾಲವಿಡೀ ನೆಲದೊಳಗೆ, ಇಲಿಗಳು ತೋಡಿದ ಬಿಲಗಳಲ್ಲಿ ಅಡಗಿದ್ದ ಸ್ಯಾಲಮ್ಯಾಂಡರ್‌ಗಳು ಮೊದಲ ಬೆಚ್ಚನೆಯ ಮಳೆಗೆ ಹೊರಬಂದು ಮೊಟ್ಟೆಯಿಡಲು ಹೊಂಡಗಳ ಕಡೆ ಹೊರಡುತ್ತವೆ. ನೋಡೋಕೆ ಹಲ್ಲಿಯ ಹಾಗಿದ್ದರೂ ಇವು ಕಪ್ಪೆಯ ನೆಂಟರು, ಉಭಯವಾಸಿಗಳು. ಒಂದು ಗೇಣಿನಷ್ಟು ಉದ್ದ, ಒದ್ದೆ ಕಪ್ಪು ಮೈ, ಬೆನ್ನ ಮೇಲೆ ಎರಡು ಸಾಲು ಹಳದಿ ಚುಕ್ಕಿ. ಹೋಗುವ ಹೊಂಡಗಳೂ ವಿಶೇಷವೇ. ಹಿಮ ಕರಗಿದ ನೀರಿನಿಂದ ತುಂಬಿ, ಬೇಸಿಗೆಯಲ್ಲಿ ಒಣಗಿಬಿಡುತ್ತವೆ. ಹಾಗಾಗಿ ಮೀನು ಇರುವುದಿಲ್ಲ, ಮೊಟ್ಟೆ ಮರಿಗಳಿಗೆ ಆ ಭಯವಿಲ್ಲ.

ಕಾಡಿಗೂ ಹೊಂಡಕ್ಕೂ ನಡುವೆ ರಸ್ತೆ ಬಂದರೆ ಕಷ್ಟ. ನಿಧಾನಕ್ಕೆ ತೆವಳುವ ಜೀವ, ಕಾರಿನ ಚಕ್ರ. ಅದಕ್ಕೇ ನಮ್ಮಂಥವರು ನಿಂತಿರುತ್ತೇವೆ. ಅಜ್ಜಿ ಮೊದಲ ವರ್ಷವೇ ನನಗೆ ಎರಡು ನಿಯಮ ಹೇಳಿಕೊಟ್ಟಿದ್ದರು. ಒಂದು, ಕೈ ಚೆನ್ನಾಗಿ ಒದ್ದೆಯಾಗಿರಬೇಕು, ಕ್ರೀಮು ಏನೂ ಹಚ್ಚಿರಬಾರದು. ಅವು ಚರ್ಮದಿಂದಲೂ ಉಸಿರಾಡುತ್ತವೆ. ಇನ್ನೊಂದು, ಅದು ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆಗೇ ದಾಟಿಸಬೇಕು. ಹೊಂಡ ಎಲ್ಲಿದೆ ಅಂತ ನಮಗೆ ಗೊತ್ತಿದೆ ಅಂದುಕೊಂಡು ತಿರುಗಿಸಬಾರದು.

ಚುಕ್ಕಿಗಳ ಜೋಡಣೆ ಒಂದೊಂದರಲ್ಲೂ ಬೇರೆ. ನಮ್ಮ ಬೆರಳಚ್ಚಿನ ಹಾಗೆ. ಅಜ್ಜಿ ಪ್ರತಿಯೊಂದರ ಬೆನ್ನಿನ ಫೋಟೋ ತೆಗೆದಿಡುತ್ತಾರೆ. ಆ ರಾತ್ರಿ ನನ್ನ ಅಂಗೈಯಲ್ಲಿ ಒಂದು ಹೆಣ್ಣಿತ್ತು. ಹೊಟ್ಟೆ ತುಂಬಾ ಮೊಟ್ಟೆ, ತಣ್ಣಗೆ, ಮೆತ್ತಗೆ. ಎಡ ಭುಜದ ಮೇಲೆ ಎರಡು ಚುಕ್ಕಿ ಕೂಡಿಕೊಂಡು 8ರ ಆಕಾರವಾಗಿತ್ತು. ಎರಡು ವರ್ಷದ ಹಿಂದಿನ ಫೋಟೋದಲ್ಲೂ ಅದೇ 8, ಅದೇ ಭುಜ, ರಸ್ತೆಯ ಅದೇ ತಿರುವು. ನಡುವಿನ ವರ್ಷ ಅವಳು ನಮಗೆ ಸಿಕ್ಕಿರಲಿಲ್ಲ. ಹೆಣ್ಣುಗಳು ಎಷ್ಟೋ ಸಲ ಒಂದು ವರ್ಷ ಬಿಟ್ಟು ಬರುತ್ತವೆ. ಮೊಟ್ಟೆ ಕಟ್ಟಲು ಮೈಯಲ್ಲಿ ಅಷ್ಟು ಸಾರ ಕೂಡಬೇಕಲ್ವಾ.

ಮರುದಿನ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. "ಅಲ್ಲ ಕಣೋ, ಎಲ್ಲಾ ಒಂದೇ ಥರ ಇರೋ ಪ್ರಾಣಿ. ಅದರಲ್ಲಿ ಇವಳೇ ಅವಳು ಅಂತ ತಿಳ್ಕೊಂಡು ಏನಾಗ್ಬೇಕು?" ಅಂದರು.

ಅಮ್ಮನ ಪ್ರಶ್ನೆ ತುಂಬಾ ದಿನ ನನ್ನ ತಲೆಯಲ್ಲಿತ್ತು. ಯಾಕೆಂದರೆ ಅವು ಒಂದೇ ಥರ ಇಲ್ಲವೇ ಇಲ್ಲ. ರಸ್ತೆಯಲ್ಲಿ ಒಂದು ಗಂಟೆ ನಿಂತರೆ ಸಾಕು, ಕಾಣುತ್ತದೆ. ಒಂದು ಡಾಂಬರಿಗೆ ಬಂದ ಕೂಡಲೇ ನೇರ ದಾಟಿಬಿಡುತ್ತದೆ. ಇನ್ನೊಂದು ಅಂಚಿನಲ್ಲೇ ಹತ್ತು ನಿಮಿಷ ತಲೆ ಎತ್ತಿಕೊಂಡು ಕೂರುತ್ತದೆ. ಮತ್ತೊಂದು ಅರ್ಧ ದಾರಿಗೆ ಬಂದು ಹಿಂದಕ್ಕೆ ತಿರುಗುತ್ತದೆ. ಗಂಡುಗಳು ಮೊದಲು ಬಂದು ಹೊಂಡದಲ್ಲಿ ಕಾಯುತ್ತವೆ, ಹೆಣ್ಣುಗಳು ಆಮೇಲೆ. ಇದೇ ರಾಜ್ಯದ ಆಮ್ಹರ್ಸ್ಟ್ ಊರಿನ ಹೆನ್ರಿ ಸ್ಟ್ರೀಟ್‌ನಲ್ಲಿ 1987ರಲ್ಲಿ ಇವುಗಳಿಗಾಗಿಯೇ ರಸ್ತೆಯಡಿ ಎರಡು ಸುರಂಗ ಮಾಡಿದರು. ಮೇಲ್ಗಡೆ ಸೀಳುಗಳಿವೆ, ಮಳೆನೀರು, ಬೆಳಕು ಒಳಗೆ ಬೀಳಲಿ ಅಂತ. ಬಾಯಿಯವರೆಗೆ ಬಂದವುಗಳಲ್ಲಿ ಸುಮಾರು ಮುಕ್ಕಾಲು ಪಾಲು ದಾಟಿದವು. ಉಳಿದವುಗಳಿಗೂ ಸುರಂಗ ಅದೇ, ಮಳೆ ಅದೇ, ರಾತ್ರಿ ಅದೇ. ಆದರೂ ದಾಟಲಿಲ್ಲ.

ಮೈಯ ಗಾತ್ರವೂ ಸೇರಿಕೊಳ್ಳುತ್ತದೆ. ಚಿಕ್ಕ ಮೈ ಬೇಗ ಒಣಗುತ್ತದೆ. ಹೊಂಡದಲ್ಲಿ ಮರಿಗಳು ಜಾಸ್ತಿಯಾಗಿ ಮೇವು ಸಾಲದಿದ್ದರೆ ಚಿಕ್ಕವಾಗಿಯೇ, ತಡವಾಗಿ ನೆಲಕ್ಕೆ ಬರುತ್ತವೆ. ಅಂಥವು ಒಣ ವಾರದಲ್ಲಿ ಹೊರಟರೆ ದೂರ ಹೋಗುವ ಮೊದಲೇ ಮುಗಿದುಹೋಗುತ್ತವೆ. ತೇವ ಉಳಿಸಿಕೊಳ್ಳಬಲ್ಲ ದೊಡ್ಡ ಮರಿಗೆ ಅದೇ ದಾರಿ ಅಷ್ಟು ಕಠಿಣವಲ್ಲ. ಅಂದರೆ ನೆಲದ ಮೇಲಿನ ಪ್ರಯಾಣದ ಅರ್ಧ ಭಾಗ ನೀರಿನಲ್ಲೇ ತೀರ್ಮಾನವಾಗಿರುತ್ತದೆ.

1998ರಲ್ಲಿ ರೇಮಂಡ್ ಸೆಮ್ಲಿಚ್ ಅನ್ನುವ ವಿಜ್ಞಾನಿ ಇವೂ ಸೇರಿದಂತೆ ಹತ್ತಿರದ ನಂಟಿನ ಆರು ಜಾತಿಯ ಸ್ಯಾಲಮ್ಯಾಂಡರ್‌ಗಳ ಲೆಕ್ಕ ಹಾಕಿದರು. ಬೆಳೆದು ದೊಡ್ಡವಾದವು ಹೊಂಡದಿಂದ ಸರಾಸರಿ 125 ಮೀಟರ್ ದೂರದವರೆಗೆ ಕಾಡಿನಲ್ಲಿ ಬದುಕುತ್ತವೆ. ನೂರರಲ್ಲಿ 95ಕ್ಕೆ ಜಾಗ ಬೇಕು ಅಂದರೆ ಹೊಂಡದ ಸುತ್ತ 164 ಮೀಟರ್ ಕಾಡು ಉಳಿಯಬೇಕು. ಈ ಲೆಕ್ಕದಿಂದ ದೊಡ್ಡ ಉಪಕಾರವಾಗಿದೆ, ಬರೀ ನೀರು ಉಳಿಸಿದರೆ ಸಾಲದು ಅಂತ ಜನಕ್ಕೆ ಗೊತ್ತಾಯಿತು. ನನ್ನ ಮನಸ್ಸು ಮಾತ್ರ ಉಳಿದ ಐದರ ಕಡೆಗೇ ಹೋಗುತ್ತದೆ. ಅಷ್ಟು ದೂರ ಹೋದವು ಯಾರು?

ಇದೇ ಹೊಂಡಗಳಿಗೆ ಬರುವ ವುಡ್ ಫ್ರಾಗ್ ಕಪ್ಪೆಗಳ ಬಗ್ಗೆ ಓದಿದಾಗ ಸ್ವಲ್ಪ ಉತ್ತರ ಸಿಕ್ಕಿತು. ವರ್ಜೀನಿಯಾದ ಬೆಟ್ಟಗಳಲ್ಲಿ ಕೀತ್ ಬರ್ವೆನ್ ಮತ್ತು ಅವರ ಜೊತೆಗಾರರೊಬ್ಬರು ವರ್ಷಗಟ್ಟಲೆ ಕಪ್ಪೆಗಳಿಗೆ ಗುರುತು ಹಾಕಿ, 1990ರಲ್ಲಿ ಫಲಿತಾಂಶ ಬರೆದರು. ಒಮ್ಮೆ ಮೊಟ್ಟೆಯಿಟ್ಟ ದೊಡ್ಡ ಕಪ್ಪೆ ಹೊಂಡ ಬದಲಿಸಲೇ ಇಲ್ಲ. ಮರಿಗಳಲ್ಲಿ ಮಾತ್ರ ನೂರಕ್ಕೆ ಸುಮಾರು 18 ತಾವು ಹುಟ್ಟಿದ ಹೊಂಡ ಬಿಟ್ಟು ಬೇರೆ ಹೊಂಡಕ್ಕೆ ಸೇರಿಕೊಂಡವು. ಅಂದರೆ ಹೊಂಡ ಹೊಂಡಗಳ ನಡುವಿನ ನಂಟನ್ನು ಹೊತ್ತಿರುವುದು ಆ ಕೆಲವೇ ಮರಿಗಳು. ಒಂದು ಹೊಂಡ ನಾಲ್ಕು ವರ್ಷ ಬೇಗ ಒಣಗಿ ಎಲ್ಲ ಸತ್ತರೂ, ಐದನೇ ವರ್ಷ ಅಲ್ಲಿ ಮತ್ತೆ ಕೂಗು ಕೇಳಬೇಕಾದರೆ ಅವೇ ಬರಬೇಕು.

ದೂರ ಹೋಗುವ ಗುಣ ಮೈಯಲ್ಲೇ ಕಾಣುವುದೂ ಉಂಟು. ಕಬ್ಬಿನ ಹುಳು ತಿನ್ನಲಿ ಅಂತ 1935ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ತಂದ ಕೇನ್ ಟೋಡ್ ಕಪ್ಪೆಗಳ ಕಥೆ ಗೊತ್ತಿರಬಹುದು. ಮೊದಲು ವರ್ಷಕ್ಕೆ ಸುಮಾರು 10 ಕಿಲೋಮೀಟರ್ ಹರಡುತ್ತಿದ್ದವು, ಆಮೇಲೆ 50 ದಾಟಿತು. 2006ರಲ್ಲಿ ಬೆನ್ ಫಿಲಿಪ್ಸ್, ರಿಕ್ ಶೈನ್ ಮೊದಲಾದವರು ಅಳತೆ ಮಾಡಿ ನೋಡಿದರೆ, ಹೊಸ ಜಾಗಕ್ಕೆ ಮೊದಲು ಬಂದು ಮುಟ್ಟಿದವುಗಳ ಹಿಂಗಾಲು ಉದ್ದ. ಹಿಂದೆ ಬಂದವುಗಳದ್ದು ಗಿಡ್ಡ. ಉದ್ದ ಕಾಲಿನವು ಮುಂದೆ ಮುಂದೆ ಸೇರಿ, ಅವುಗಳ ಮರಿಗಳೂ ಹಾಗೇ ಆಗುತ್ತಾ ಹೋದವು. ಅದಕ್ಕೆ ಬೆಲೆಯೂ ತೆತ್ತಿವೆ. ಮುಂಚೂಣಿಯ ದೊಡ್ಡ ಕಪ್ಪೆಗಳ ಬೆನ್ನುಮೂಳೆಯಲ್ಲಿ ಸಂಧಿವಾತ ಕಂಡುಬಂತು.

ಮುಂದಿನ ಸಲ ಫೋನಿನಲ್ಲಿ ಅಮ್ಮನಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಎಂಟರವಳು ಮನೆ ಬಿಡದವಳು" ಅಂದರು. ಹೌದಮ್ಮ, ಅವಳು ಮನೆ ಬಿಡದವಳು. ಈ ಜಾತಿ 20 ವರ್ಷ ಬದುಕುವುದುಂಟು. ಅಷ್ಟೂ ವರ್ಷ ಅದೇ ಹೊಂಡಕ್ಕೆ ಬಂದರೂ ಬಂದಾಳು.

ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಜೋರು ಮಳೆ. ಅಜ್ಜಿಗೆ ಮೊಣಕಾಲು ನೋವು, ನಾನೊಬ್ಬನೇ ಹೋದೆ. ಹೊಂಡದಲ್ಲಿ ನೀರು ಒಂದು ಮೊಳ ಅಗಲಕ್ಕೆ ಇಳಿದಿತ್ತು. ಅಂಚಿನ ಕೆಸರಿನಿಂದ ಮರಿಗಳು ತರಗೆಲೆಯೊಳಕ್ಕೆ ಹೋಗುತ್ತಿದ್ದವು, ಹೆಚ್ಚಿನವು ದೊಡ್ಡವು ಬರುವ ಕಾಡಿನ ಕಡೆಗೇ. ವಾಪಸ್ ಬರುವಾಗ ರಸ್ತೆಯ ತಗ್ಗು ಕಡೆ ಒಂದು ಸಿಕ್ಕಿತು. ಕಿರುಬೆರಳಿನಷ್ಟು ಉದ್ದ. ಮೈ ಮಾಸಲು ಬೂದು, ಚುಕ್ಕಿಗಳು ಇನ್ನೂ ಮೂಡಿರಲಿಲ್ಲ. ಫೋಟೋ ತೆಗೆದರೂ ಮುಂದೆ ಗುರುತು ಹಿಡಿಯಲು ಅದರಲ್ಲಿ ಏನೂ ಇರಲಿಲ್ಲ. ಅದರ ಮುಖ ಕಾಡಿನ ಕಡೆಗಿರಲಿಲ್ಲ. ಗದ್ದೆಯಂಥ ಬಯಲಿನ ಕಡೆಗಿತ್ತು. ಆ ಬಯಲಿನಾಚೆ ಇನ್ನೊಂದು ಹೊಂಡ ಇದೆ, ಅಲ್ಲಿಗೆ ಅರ್ಧ ಕಿಲೋಮೀಟರ್‌ಗಿಂತ ಜಾಸ್ತಿ. ತಿರುಗಿಸಿ ಕಾಡಿನ ಕಡೆ ಬಿಟ್ಟುಬಿಡೋಣ ಅಂತ ಒಂದು ಕ್ಷಣ ಅನ್ನಿಸಿತು. ಕೈಯನ್ನು ಮಳೆನೀರಲ್ಲಿ ಇನ್ನೊಮ್ಮೆ ನೆನೆಸಿಕೊಂಡು ಎತ್ತಿದೆ. ರಸ್ತೆ ದಾಟಿಸಿ, ಬಯಲಿಗೆ ಮುಖ ಮಾಡಿಯೇ ಹುಲ್ಲಿನಲ್ಲಿ ಇಳಿಸಿದೆ.