ಲೆಕ್ಕಕ್ಕೆ ಬಾರದ ಗುಳಿಗೆಗಳು

ಹೋದ ಆಷಾಢದಲ್ಲಿ ಬಿಳಿಸೆರಗು ಹೆಚ್ಚಾಗಿ, ಮೀನಿನಂಥ ವಾಸನೆಯೂ ಸೇರಿಕೊಂಡಾಗ ನಾಚಿಕೆಯಲ್ಲೇ ಹದಿನೈದು ದಿನ ಕಳೆದೆ. ಕಿಬ್ಬೊಟ್ಟೆ ನೋಯತೊಡಗಿದ ಮೇಲೆ ವೈದ್ಯೆಯ ಬಳಿ ಹೋದೆ. ಸೋಂಕು ಗರ್ಭಕೋಶದ ಕಡೆಗೆ ಏರಿರಬಹುದೆಂದು ಅವರು ಒಂದು ಚುಚ್ಚುಮದ್ದು ಕೊಟ್ಟು, 14 ದಿನಕ್ಕೆ ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ ಎಂಬ ಎರಡು ಆ್ಯಂಟಿಬಯೋಟಿಕ್ ಮಾತ್ರೆ ಬರೆದರು. "ಬೇರೆ ಔಷಧ ಏನಾದರೂ ನಡೆಯುತ್ತಿದೆಯೇ?" ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಅನ್ನಿಸಲೇ ಇಲ್ಲ.

ರಾತ್ರಿ ಊಟವಾದ ಮೇಲೆ ಎರಡು ಹೊಸ ಗುಳಿಗೆ, ಜೊತೆಗೆ ದಿನದ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ಎಲ್ಲವನ್ನೂ ಅಂಗೈಯಲ್ಲಿಟ್ಟು ಒಂದೇ ಲೋಟ ಹಾಲಿನಲ್ಲಿ ನುಂಗಿದೆ. ಮೇಲೆ ಅತ್ತೆಯವರು ಅಕ್ಕರೆಯಿಂದ ಅಳೆದುಕೊಟ್ಟ ಅಶೋಕಾರಿಷ್ಟ. ಮೂರನೆಯ ದಿನ ಬಾಯೆಲ್ಲ ತಾಮ್ರದ ಕಾಸು ಚೀಪಿದ ರುಚಿ, ಹೊಟ್ಟೆ ತೊಳಸಿ ವಾಂತಿ. ನೋವು ಇದ್ದಲ್ಲೇ ಇತ್ತು. ಮತ್ತೆ ಓಡಿದೆ. ಈ ಸಲ ಮನೆಯಲ್ಲಿದ್ದುದನ್ನೆಲ್ಲ ಚೀಲಕ್ಕೆ ತುಂಬಿಕೊಂಡು.

ವೈದ್ಯೆ ಒಂದೊಂದಾಗಿ ಮೇಜಿನ ಮೇಲಿಟ್ಟರು. ಕಬ್ಬಿಣ, ಕ್ಯಾಲ್ಸಿಯಂ, ಸತು, ಇವು ಹೊಟ್ಟೆಯಲ್ಲೇ ಡಾಕ್ಸಿಸೈಕ್ಲಿನ್ ಅನ್ನು ಹಿಡಿದುಕೊಂಡುಬಿಡುತ್ತವೆ. ರಕ್ತ ಸೇರಬೇಕಾದುದು ಮಲದಲ್ಲಿ ಹೋಗುತ್ತದೆ. ರಕ್ತ ಸೇರಿದ ಔಷಧವೂ ಮತ್ತೆ ಕರುಳಿಗೆ ಇಳಿಯುವುದರಿಂದ ಕಬ್ಬಿಣ ಅಲ್ಲಿಯೂ ಅದನ್ನು ಕಾದು ಹಿಡಿಯುತ್ತದೆಯಂತೆ. "ಮಾತ್ರೆ ಮುಗಿಯುವವರೆಗೆ ಕಬ್ಬಿಣ ಬೇಡ. ಕ್ಯಾಲ್ಸಿಯಂ ಮಧ್ಯಾಹ್ನಕ್ಕಿರಲಿ, ಡಾಕ್ಸಿ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಹಾಲಲ್ಲ, ತುಂಬಿದ ಲೋಟ ನೀರು. ನುಂಗಿದ ಮೇಲೆ ಅರ್ಧ ಗಂಟೆ ಮಲಗಬೇಡಿ, ಅನ್ನನಾಳ ಸುಟ್ಟೀತು." ಮೆಟ್ರೊನಿಡಜೋಲ್‌ಗೆ ಈ ಲೋಹಗಳ ತಂಟೆಯಿಲ್ಲ, ಬಾಯಿಯ ಕಾಸಿನ ರುಚಿ ಅದರದೇ ಕಾಣಿಕೆ.

ಆಮೇಲೆ ಅರಿಷ್ಟದ ಬಾಟಲಿ ತಿರುಗಿಸಿ ತೋರಿಸಿದರು. ಇರುವೆ ಸಾಲಿನಂಥ ಅಕ್ಷರದಲ್ಲಿ: ಸ್ವಯಂಜನಿತ ಮದ್ಯಸಾರ ಶೇ. 5ರಿಂದ 10. ಬೆಲ್ಲ ಹುಳಿತು ತಯಾರಾಗುವ ಔಷಧ, ಇರದೆ ಏನು? ಮೆಟ್ರೊನಿಡಜೋಲ್ ಜೊತೆ ಮದ್ಯ ಸೇರಿದರೆ ವಾಂತಿಯಾದೀತು, ತಪ್ಪಿಸಲೇಬೇಕು ಎಂಬ ಹಳೆಯ ಎಚ್ಚರಿಕೆಯನ್ನು ಈಚೆಗೆ ಕೆಲವರು ಸಡಿಲಿಸಿದ್ದಾರಂತೆ, ಬರಿಯ ಮೆಟ್ರೊನಿಡಜೋಲ್‌ಗೂ ವಾಂತಿಯಾಗಬಹುದಂತೆ. ಆದರೂ ಮಾತ್ರೆ ಮುಗಿದು ಮೂರು ದಿನದವರೆಗೆ ಮುಟ್ಟಬೇಡಿ ಎಂದರು.

ನಾಲ್ಕೈದು ದಿನದಲ್ಲಿ ನೋವು ಇಳಿಯಿತು. ಅತ್ತೆಯವರಿಗೆ ಬಾಟಲಿಯ ಬರಹ ಓದಿ ಹೇಳಿದೆ. ಕನ್ನಡಕ ಹಾಕಿಕೊಂಡು ತಾವೇ ಮತ್ತೊಮ್ಮೆ ಓದಿದರು. ಬಹಳ ಹೊತ್ತಿನ ಮೇಲೆ, ಮಗನಿಗೆ ಕೇಳಿಸದಂತೆ ಕೇಳಿದರು: "ಹಾಗಾದರೆ, ಏಕಾದಶಿಯ ದಿನವೂ ಕುಡಿದಿದ್ದೇನಲ್ಲೇ?"