‘ದಿನಕ್ಕೆ ಎಷ್ಟು ಸಲ?’ ಎಂಬ ಪ್ರಶ್ನೆಯನ್ನು ಕೇಳಲು ನಾನು ಕಲಿತದ್ದು

ಬಳ್ಳಾರಿಯ ಒಂದು ಆಸ್ಪತ್ರೆಯ ಜೀರ್ಣಾಂಗ ವಿಭಾಗದಲ್ಲಿ ನಾನು ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್ ಆಗಿದ್ದೇನೆ. ಔಷಧ ಪ್ರಯೋಗಗಳಲ್ಲಿ ರೋಗಿಯನ್ನು ಪರೀಕ್ಷಿಸುವುದು, ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರ ಕೆಲಸ. ಒಪ್ಪಿಗೆ ಪತ್ರವನ್ನು ಅರ್ಥವಾಗುವಂತೆ ವಿವರಿಸುವುದು, ರೋಗಿ ಮನೆಯಲ್ಲಿ ತುಂಬುವ ದಿನಚರಿಯನ್ನು ಪರಿಶೀಲಿಸುವುದು, ರಕ್ತ ಮತ್ತು ಮಲದ ಮಾದರಿಗಳನ್ನು ಸಮಯಕ್ಕೆ ಸರಿಯಾಗಿ ಲ್ಯಾಬಿಗೆ ತಲುಪಿಸುವುದು, ಪ್ರತಿಯೊಂದನ್ನೂ ದಾಖಲಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದರಿಂದ ನನ್ನ ಕೇಳುವ ರೀತಿಯೇ ಬದಲಾದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕರುಳಿನ ಉರಿಯೂತ ಕಾಯಿಲೆ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ಕಾಯಿಲೆಗಳು ಬರುತ್ತವೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಆರಂಭವಾಗಿ ದೊಡ್ಡ ಕರುಳಿನ ಒಳಪದರದಲ್ಲಿ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ನಡುನಡುವೆ ಆರೋಗ್ಯವಾಗಿರುವ ಭಾಗವನ್ನು ಬಿಟ್ಟು, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯಬಹುದು. ಇವನ್ನು ಒಂದೇ ಪರೀಕ್ಷೆಯಿಂದ ಖಚಿತಪಡಿಸಲು ಆಗುವುದಿಲ್ಲ. ರೋಗಿ ಹೇಳುವ ಕಥೆ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವುದು), ಬಯಾಪ್ಸಿ (ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷಿಸುವುದು), ರಕ್ತ ಮತ್ತು ಮಲ ಪರೀಕ್ಷೆ, ಸ್ಕ್ಯಾನ್ ಎಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ. ನಮ್ಮ ಕಡೆ ಮಲದಲ್ಲಿ ರಕ್ತ ಕಂಡವರು ಮೊದಲು ಹೋಗುವುದು ಮೂಲವ್ಯಾಧಿ ಚಿಕಿತ್ಸೆಯ ಬೋರ್ಡು ಹಾಕಿರುವ ಕಡೆಗೆ. ಆಮ ಬಿದ್ದರೆ ಆಮಶಂಕೆ ಎಂದು ಐದು ದಿನದ ಗುಳಿಗೆ ಸಿಗುತ್ತದೆ, ಮುಂದಿನ ತಿಂಗಳು ಮತ್ತೆ ಐದು ದಿನದ್ದು. ನಮ್ಮಲ್ಲಿಗೆ ಬರುವ ಹೊತ್ತಿಗೆ ಹಲವರ ಕೈಚೀಲದಲ್ಲಿ ಎರಡು ಮೂರು ವರ್ಷಗಳ ಚೀಟಿಗಳು ತುಂಬಿರುತ್ತವೆ. ಇಷ್ಟು ದೂರ ಅಲೆದು ಬಂದವರ ಮಾತನ್ನು ನಾವು ತಪ್ಪಾಗಿ ಬರೆದುಕೊಂಡರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ.

ಕೊಲೈಟಿಸ್ ಪ್ರಯೋಗಗಳಲ್ಲಿ ಕಾಯಿಲೆಯ ತೀವ್ರತೆಯನ್ನು ಅಳೆಯಲು ಹೆಚ್ಚಾಗಿ ಬಳಸುವುದು ಮೇಯೊ ಸ್ಕೋರ್. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 1987ರಲ್ಲಿ ಪ್ರಕಟಿಸಿದ ಒಂದು ಔಷಧ ಪ್ರಯೋಗದಿಂದ ಅದು ಬಳಕೆಗೆ ಬಂತು. ಮಲಕ್ಕೆ ಹೋಗುವ ಸಂಖ್ಯೆ, ರಕ್ತಸ್ರಾವ, ಎಂಡೋಸ್ಕೋಪಿಯಲ್ಲಿ ಕಂಡದ್ದು, ವೈದ್ಯರ ಒಟ್ಟು ಅಂದಾಜು ಎಂಬ ನಾಲ್ಕು ಭಾಗಗಳಿಗೆ 0ಯಿಂದ 3ರವರೆಗೆ ಅಂಕ ಕೊಟ್ಟು ಒಟ್ಟು 12ಕ್ಕೆ ಲೆಕ್ಕ ಹಾಕುತ್ತಾರೆ. ಇವುಗಳಲ್ಲಿ ಮೊದಲ ಎರಡು ಭಾಗಗಳು ಪೂರ್ತಿಯಾಗಿ ರೋಗಿಯ ಬಾಯಿಮಾತನ್ನೇ ನಂಬಿ ನಿಂತಿವೆ. ಇದು ಇಂದಿನ ಮಾತೂ ಅಲ್ಲ. 1955ರಲ್ಲಿ ಆಕ್ಸ್‌ಫರ್ಡಿನ ಟ್ರುಲವ್ ಮತ್ತು ವಿಟ್ಸ್ ಕಾರ್ಟಿಸೋನ್ ಔಷಧದ ಪ್ರಯೋಗ ನಡೆಸಿದಾಗಲೂ, ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತ ಬೆರೆತ ಮಲ ಹೋಗುವುದನ್ನು, ಜ್ವರ, ನಾಡಿ, ಹಿಮೋಗ್ಲೋಬಿನ್‌ಗಳ ಜೊತೆಗೆ ತೀವ್ರ ಕಾಯಿಲೆಯ ಲಕ್ಷಣವಾಗಿ ಹಿಡಿದಿದ್ದರು. ಮೇಯೊ ಸ್ಕೋರಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಅಂಕ ಕೊಡುವುದು ಎಷ್ಟು ಸಲ ಹೋದರು ಎಂಬುದಕ್ಕಲ್ಲ, ಆ ರೋಗಿಗೆ ಸಹಜವಾದ ಸಂಖ್ಯೆಗಿಂತ ಎಷ್ಟು ಹೆಚ್ಚಾಯಿತು ಎಂಬುದಕ್ಕೆ. ಒಂದೆರಡು ಸಲ ಹೆಚ್ಚಾದರೆ 1, ಮೂರು ನಾಲ್ಕು ಸಲ ಹೆಚ್ಚಾದರೆ 2, ಐದು ಅಥವಾ ಇನ್ನೂ ಹೆಚ್ಚಾದರೆ 3.

ಸಿರುಗುಪ್ಪ ಕಡೆಯ ಹಳ್ಳಿಯೊಂದರಿಂದ ಬಂದ, ಭತ್ತದ ಗದ್ದೆಯಲ್ಲಿ ಕೂಲಿ ಮಾಡುವ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಒಂದು ಕೊಲೈಟಿಸ್ ಅಧ್ಯಯನದ ಪೂರ್ವಪರೀಕ್ಷೆಯ, ಅಂದರೆ ಸೇರಿಸಿಕೊಳ್ಳಬಹುದೇ ಎಂದು ನೋಡುವ, ಹಂತದಲ್ಲಿದ್ದಳು. ಓದು ಬರಹ ಬಾರದ ಕಾರಣ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರಿನಲ್ಲಿ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಯ ಸಹಿಯನ್ನೂ ಪಡೆದಿದ್ದೆವು. ದಿನಚರಿಯನ್ನು ಏಳನೇ ತರಗತಿಯಲ್ಲಿ ಓದುತ್ತಿದ್ದ ಮಗಳು ತಾಯಿ ಹೇಳಿದಂತೆ ತುಂಬುತ್ತಿದ್ದಳು. ಅದರಲ್ಲಿ ‘ಇಂದಿನ ಮಲವಿಸರ್ಜನೆಯ ಸಂಖ್ಯೆ’ ಎಂಬ ಸಾಲಿನ ಮುಂದೆ ದಿನವೂ 2 ಎಂದು ಬರೆದಿತ್ತು. ಕಾಯಿಲೆ ಬರುವ ಮುಂಚೆ ದಿನಕ್ಕೆ ಒಂದು ಸಲ. ರಕ್ತದ ಸಾಲಿನಲ್ಲಿ ಮಾತ್ರ ‘ಬರೀ ರಕ್ತ ಹೋಗುತ್ತದೆ’ ಎಂಬುದಕ್ಕೆ ಗುರುತು ಹಾಕಿತ್ತು. ನಾನು ಎದುರು ಕೂತು ಮತ್ತೊಮ್ಮೆ ಕೇಳಿದೆ, ಎರಡೇ ಸಲ ಎಂದಳು. ಸಂಖ್ಯೆಗೆ 1, ರಕ್ತಸ್ರಾವಕ್ಕೆ 3 ಎಂದು ಬರೆದು ಸಹಿ ಮಾಡಿದೆ.

ಹದಿನೈದು ದಿನಗಳ ಬಳಿಕ ದಾಖಲೆಗಳನ್ನು ಪರಿಶೀಲಿಸಲು ಬಂದ ಮಾನಿಟರ್ ಅದೇ ಪುಟದ ಮೇಲೆ ಬೆರಳಿಟ್ಟರು. ಮಲವಿಲ್ಲದೆ ಬರೀ ರಕ್ತ ಹೋಗುವಷ್ಟು ಕಾಯಿಲೆ ಇರುವವರು, ಹಿಮೋಗ್ಲೋಬಿನ್ ಅಷ್ಟು ಇಳಿದಿರುವವರು, ದಿನಕ್ಕೆ ಎರಡೇ ಸಲ ಹೋಗುವುದು ಹೇಗೆ ಎಂಬುದು ಅವರ ಪ್ರಶ್ನೆ. ನನಗೆ ಸ್ವಲ್ಪ ಬೇಸರವೇ ಆಯಿತು, ರೋಗಿ ಹೇಳಿದ್ದನ್ನೇ ಬರೆದಿದ್ದೇನೆ ಎಂದೆ. ಆ ಮಾತು ಎಂಡೋಸ್ಕೋಪಿ ಕೋಣೆಯ ಹಿರಿಯ ಆಯಾ ಒಬ್ಬರ ಕಿವಿಗೆ ಬಿತ್ತು. ಮಾನಿಟರ್ ಹೋದ ಮೇಲೆ ಅವರು ನನ್ನ ಬಳಿ ಬಂದು, ‘ಎಷ್ಟು ಸಲ ಹೋಗ್ತಿ ಅಂತ ಕೇಳಬ್ಯಾಡ್ರಿ ಮೇಡಂ, ದಿನಕ್ಕ ಎಷ್ಟು ಸಲ ಸೀರಿ ತೊಳ್ಕಂತಿ ಅಂತ ಕೇಳ್ರಿ’ ಎಂದರು.

ಮರುಭೇಟಿಯಲ್ಲಿ ಗಂಡನನ್ನು ಹೊರಗೆ ಕೂರಿಸಿ, ಅವರು ಹೇಳಿದಂತೆಯೇ ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದು ಇಷ್ಟು: ನಸುಕಿನಲ್ಲಿ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಚರಿಗೆ ಹಿಡಿದು ಬಯಲುಕಡೆಗೆ ಹೋಗುತ್ತಾಳೆ, ಅದು ‘ಹೋಗುವುದು’. ಹಗಲಿನಲ್ಲಿ ನಾಲ್ಕೈದು ಸಲ, ರಾತ್ರಿ ಒಂದೆರಡು ಸಲ ತಡೆಯಲಾಗದೆ ಬಚ್ಚಲಿಗೆ ಓಡುತ್ತಾಳೆ. ಆಗ ಬೀಳುವುದು ಬರೀ ರಕ್ತ ಮತ್ತು ಲೋಳೆ, ಒಂದೊಂದು ಸಲ ಅಷ್ಟರೊಳಗೇ ಸೀರೆ ಕೆಟ್ಟಿರುತ್ತದೆ. ಅದನ್ನು ಆಕೆ ಹೋಗುವುದು ಎಂದು ಎಣಿಸಿಯೇ ಇರಲಿಲ್ಲ. ‘ಅದು ಹೋಗಾದಲ್ರಿ ಅಕ್ಕಾ, ಅದು ಬರೀ ಬೀಳಾದು’ ಎಂದಳು. ಬಳ್ಳಾರಿಗೆ ಬರುವ ಹಿಂದಿನ ದಿನ ಬಸ್ಸಿನಲ್ಲಿ ಅವಮಾನವಾದೀತೆಂದು ಊಟವನ್ನೇ ಬಿಡುತ್ತಿದ್ದಳು ಎಂಬುದೂ ಆಗಲೇ ತಿಳಿಯಿತು. ಭೇಟಿಗೆ ಹತ್ತಿರದ ಮೂರು ದಿನಗಳ ಸರಾಸರಿಯನ್ನು ನಾವು ಸ್ಕೋರಿಗೆ ಬಳಸುತ್ತಿದ್ದೆವು. ಹಸಿದ ಹೊಟ್ಟೆಯ ದಿನವೂ ಅದರೊಳಗೆ ಸೇರುತ್ತಿತ್ತು.

ಅಧ್ಯಯನದ ಮೂಲ ಇಂಗ್ಲಿಷ್ ಸೂಚನೆಯಲ್ಲಿ ಮಲ ಹೋದರೂ, ಬರೀ ರಕ್ತ ಹೋದರೂ, ಬರೀ ಲೋಳೆ ಹೋದರೂ ಪ್ರತಿ ಸಲವನ್ನೂ ಒಂದೆಂದು ಎಣಿಸಬೇಕು ಎಂದು ಸ್ಪಷ್ಟವಾಗಿಯೇ ಇತ್ತು. ಕನ್ನಡದ ದಿನಚರಿಯಲ್ಲಿ ಅದು ‘ಮಲವಿಸರ್ಜನೆ’ ಎಂಬ ಒಂದು ಪದವಾಗಿ ಕುಗ್ಗಿತ್ತು. ಆ ಅನುವಾದವನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಸರಿಯಿದೆ ಎಂದು ಪ್ರಮಾಣಪತ್ರವನ್ನೂ ಕೊಟ್ಟಿದ್ದರು. ಓದಿದವರೊಬ್ಬರು ಕನ್ನಡಕ್ಕೆ ತಂದು, ಓದಿದವರೇ ಇನ್ನೊಬ್ಬರು ಹಿಂದಕ್ಕೆ ಒಯ್ದರೆ, ಅವರಿಬ್ಬರ ಕನ್ನಡ ಒಂದೇ ಎಂಬುದಷ್ಟೇ ಸಾಬೀತಾಗುತ್ತದೆ. ಬಯಲುಕಡೆ, ಎರಡಕ್ಕೆ, ಸಂಡಾಸಕ್ಕೆ, ಬೀಳುವುದು, ಸೋರುವುದು ಎಂದು ಮಾತನಾಡುವ ಮನೆಯಲ್ಲಿ ಆ ಪದ ಯಾವ ಅರ್ಥ ಕೊಡುತ್ತದೆ ಎಂದು ಯಾರೂ ಕೇಳಿ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ, ಅದೂ ಕುರುಗೋಡು ಕಡೆಯ ಹಳ್ಳಿಯಲ್ಲಿ ಅದೇ ಮಾತಿನ ನಡುವೆ ಬೆಳೆದವಳು.

ಆಕೆಗೆ ಇನ್ನೂ ಔಷಧ ಆರಂಭವಾಗಿರಲಿಲ್ಲ ಎಂಬುದು ದೊಡ್ಡ ಪುಣ್ಯ. ಆರಂಭದ ಸ್ಕೋರ್ ಹಾಗೆಯೇ ಉಳಿದು, ಮುಂದೆ ಯಾವಾಗಲೋ ಆಕೆ ಸರಿಯಾಗಿ ಎಣಿಸಲು ಕಲಿತಿದ್ದರೆ, ಕಾಯಿಲೆ ಇಳಿಯುತ್ತಿದ್ದರೂ ಕಾಗದದ ಮೇಲೆ ಏರಿದಂತೆ ಕಾಣುತ್ತಿತ್ತು. ಗುಣ ಕೊಡುವ ಔಷಧವೂ ಗುಣ ಕೊಡದ್ದೆಂದು ದಾಖಲಾಗಬಹುದಿತ್ತು. ಹಳೆಯ ದಿನಗಳ ಅಂಕಿಗಳನ್ನು ನೆನಪಿನಿಂದ ತಿದ್ದಲು ನಮಗೆ ಅಧಿಕಾರವಿಲ್ಲ. ಅವನ್ನು ಹಾಗೆಯೇ ಉಳಿಸಿ, ಏಕೆ ನಂಬಲಾಗದು ಎಂಬ ಟಿಪ್ಪಣಿಯನ್ನು ದಿನಾಂಕ, ಸಹಿಯೊಂದಿಗೆ ಪಕ್ಕದಲ್ಲಿ ಬರೆದು, ಪೂರ್ವಪರೀಕ್ಷೆಗೆ ಉಳಿದಿದ್ದ ಅವಧಿಯೊಳಗೇ ಹೊಸದಾಗಿ ದಿನಚರಿ ತುಂಬಿಸಿದೆವು. ಸಂಖ್ಯೆ ಏಳು ಎಂಟಕ್ಕೆ ಬಂತು, ಅಂಕ 1 ಇದ್ದದ್ದು 3 ಆಯಿತು. ದಿನಚರಿಯ ಪದಗಳನ್ನು ನಾವಾಗಿಯೇ ಬದಲಿಸುವಂತಿಲ್ಲ. ಅಧ್ಯಯನ ನಡೆಸಿಸುವ ಪ್ರಾಯೋಜಕರ ಒಪ್ಪಿಗೆ ಬೇಕು, ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ಪತ್ರ ಬರೆದು ಕಾದೆವು, ಬಹಳ ದಿನ ಹಿಡಿಯಿತು. ತಿದ್ದಿದ ದಿನಚರಿಯಲ್ಲಿ ಈಗ ಮೂರು ಸಣ್ಣ ವಾಕ್ಯಗಳಿವೆ, ಮೂರೂ ಆಡುಮಾತಿನವು.

ಅಲ್ಲಿಂದ ಮುಂದೆ ನಾನು ಪ್ರತಿ ಪ್ರಶ್ನೆಯನ್ನೂ ಅನುಮಾನದಿಂದ ನೋಡಲು ಆರಂಭಿಸಿದೆ. ‘ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ?’ ಎಂಬುದಕ್ಕೆ ಬಹುತೇಕ ಎಲ್ಲರೂ ಇಲ್ಲ ಎನ್ನುತ್ತಾರೆ. ಜೀನ್ಸ್ ಹೊಲಿಯುವ ಘಟಕದಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಕೂರುವ ಯುವಕ, ಮೆಣಸಿನಕಾಯಿ ಬಿಡಿಸಲು ಹೋಗುವ ಅಜ್ಜಿ, ಗಣಿ ಲಾರಿ ಓಡಿಸುವವರು, ಇವರೆಲ್ಲ ನೋವಿನ ಗುಳಿಗೆಯನ್ನು ಔಷಧ ಎಂದು ಪರಿಗಣಿಸುವುದೇ ಇಲ್ಲ. ಅವರ ಮಟ್ಟಿಗೆ ಔಷಧ ಎಂದರೆ ಡಾಕ್ಟರು ಚೀಟಿ ಬರೆದು ಕೊಟ್ಟದ್ದು. ಆದರೆ ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ಕರುಳನ್ನು ಕೆರಳಿಸುತ್ತವೆ, ಮಲದಲ್ಲಿರುವ ಕ್ಯಾಲ್ಪ್ರೊಟೆಕ್ಟಿನ್ ಪ್ರಮಾಣವನ್ನೂ ಏರಿಸುತ್ತವೆ. ಕ್ಯಾಲ್ಪ್ರೊಟೆಕ್ಟಿನ್ ಎಂಬುದು ಉರಿಯೂತ ಇರುವ ಕಡೆಗೆ ಧಾವಿಸುವ ಬಿಳಿ ರಕ್ತಕಣಗಳಿಂದ ಬರುವ ಒಂದು ಪ್ರೋಟೀನು. ಪ್ರತಿ ಗ್ರಾಂ ಮಲಕ್ಕೆ 50 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕರುಳಿನಲ್ಲಿ ಉರಿಯೂತ ಇರುವ ಸಾಧ್ಯತೆ ಕಡಿಮೆ ಎಂದೂ 250ನ್ನು ಮೀರಿದರೆ ಕಾಯಿಲೆ ಸಕ್ರಿಯವಾಗಿರಬಹುದು ಎಂದೂ ಸಾಮಾನ್ಯವಾಗಿ ಹಿಡಿಯುತ್ತಾರೆ. ಒಂದು ವಾರದ ನೋವಿನ ಗುಳಿಗೆ ಈ ಲೆಕ್ಕವನ್ನು ಕೆಡಿಸಬಲ್ಲದು. ಈಗ ನಾನು ‘ಮೈ ಕೈ ನೋವಿಗೆ ಏನು ನುಂಗ್ತೀರಿ? ಯಾವ ಅಂಗಡಿಯಿಂದ ತರ್ತೀರಿ?’ ಎಂದು ಕೇಳುತ್ತೇನೆ. ಜೇಬಿನಿಂದ ಗುಳಿಗೆಯ ಹಾಳೆ ಹೊರಬರುತ್ತದೆ.

ಮಲದ ಮಾದರಿಯ ಬಗ್ಗೆ ಒಂದು ಮಾತು. ಕೋಣೆಯ ಉಷ್ಣತೆಯಲ್ಲಿ ಕೆಲವು ದಿನ ಇಡಬಹುದು ಎಂದು ಕಿಟ್‌ನ ಸೂಚನೆ ಹೇಳುತ್ತಿದ್ದರೂ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಆ ಮಾತು ಅನ್ವಯಿಸುವುದಿಲ್ಲ. ನಾವು ಐಸ್ ಪ್ಯಾಕ್ ಇರುವ ಡಬ್ಬಿಯನ್ನು ಮೊದಲೇ ಕೊಟ್ಟು ಕಳಿಸುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಪ್ರಶ್ನೆ ಕ್ಷಯದ್ದು. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಎರಡರಲ್ಲೂ ಹೊಟ್ಟೆನೋವು, ತೂಕ ಇಳಿಯುವುದು, ಜ್ವರ, ಹುಣ್ಣು, ಕರುಳು ಕಿರಿದಾಗುವುದು ಕಾಣುತ್ತದೆ. ಬಯಾಪ್ಸಿಯಲ್ಲಿ ಕ್ಷಯದ ರೋಗಾಣು ಸಿಕ್ಕರೆ ಖಚಿತ, ಆದರೆ ಹಲವು ಸಲ ಸಿಗುವುದಿಲ್ಲ. ಸಂಶಯ ಬಗೆಹರಿಯದಿದ್ದಾಗ ಭಾರತದಲ್ಲಿ ವೈದ್ಯರು ಮೊದಲು ಕ್ಷಯದ ಔಷಧ ಕೊಟ್ಟು, ಎರಡು ಮೂರು ತಿಂಗಳ ನಂತರ ಮತ್ತೆ ಕೊಲೊನೋಸ್ಕೋಪಿ ಮಾಡಿ ಹುಣ್ಣು ಮಾಗಿದೆಯೇ ಎಂದು ನೋಡುವುದುಂಟು. ಕ್ಷಯವಿರುವವರಿಗೆ ಕ್ರೋನ್ಸ್ ಎಂದು ಭಾವಿಸಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡ್ ಕೊಟ್ಟರೆ ಅಪಾಯವೇ ಹೆಚ್ಚು. 1998ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗೆ ಮಂಜೂರಾದ, ಅದೂ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧವೇ ಆದ ಇನ್‌ಫ್ಲಿಕ್ಸಿಮ್ಯಾಬ್ ಬಹಳ ರೋಗಿಗಳ ಬದುಕನ್ನು ಹಗುರಗೊಳಿಸಿತು. 2001ರಲ್ಲಿ ಅದೇ ಔಷಧ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ ಪ್ರಕಟವಾಯಿತು. ಆದ್ದರಿಂದಲೇ ಇಂಥ ಔಷಧಗಳಿಗೆ ಮುನ್ನ ಎದೆಯ ಎಕ್ಸ್‌ರೇ ಮತ್ತು ಕ್ಷಯ ಪತ್ತೆಗೆ ಚರ್ಮದ ಮೇಲೆ ಮಾಡುವ ಮಾಂಟು ಪರೀಕ್ಷೆ ಅಥವಾ ರಕ್ತದ ಪರೀಕ್ಷೆ ಕಡ್ಡಾಯವಾಗಿ ನಡೆಯುತ್ತವೆ.

ಪರೀಕ್ಷೆಗಳ ಜೊತೆಗೆ ರೋಗಿಯ ಹಿಂದಿನ ಕಥೆಯೂ ಬೇಕು. ಅತ್ತೆ ಮಾವನ ಎದುರು ‘ನಿಮಗೆ ಟಿಬಿ ಇತ್ತೇ?’ ಎಂದು ಕೇಳಿದರೆ ಯಾವ ಸೊಸೆಯೂ ಹೌದು ಎನ್ನುವುದಿಲ್ಲ. ಒಬ್ಬಳನ್ನೇ ಕೂರಿಸಿಕೊಂಡು, ‘ತೌರುಮನೆಯಲ್ಲಿದ್ದಾಗ ಆರು ತಿಂಗಳು ದಿನಾ ಗುಳಿಗೆ ನುಂಗಿದ್ದು ನೆನಪೈತೇನು? ಮೂತ್ರ ಕೆಂಪಗೆ ಬರ್ತಿತ್ತೇನು?’ ಎಂದು ಕೇಳುತ್ತೇನೆ. ಕ್ಷಯದ ಔಷಧವಾದ ರಿಫಾಂಪಿಸಿನ್ ಮೂತ್ರಕ್ಕೆ ಕೆಂಪು ಬಣ್ಣ ತರುತ್ತದೆ, ಕಾಯಿಲೆಯ ಹೆಸರನ್ನು ಯಾರೂ ಹೇಳದಿದ್ದರೂ ಆ ಬಣ್ಣ ನೆನಪಿನಲ್ಲಿ ಉಳಿದಿರುತ್ತದೆ. ಹೀಗೆ ಕೇಳಿದ್ದರಿಂದ ಸಿಕ್ಕ ಒಂದು ಉತ್ತರವನ್ನು ವೈದ್ಯರಿಗೆ ತಿಳಿಸಿದಾಗ, ಅವರು ಆ ರೋಗಿಯನ್ನು ಅಧ್ಯಯನಕ್ಕೆ ಸೇರಿಸುವುದನ್ನು ತಡೆದು ಮತ್ತೆ ತಪಾಸಣೆ ಮಾಡಿಸಿದರು. ಅಧ್ಯಯನಕ್ಕೆ ರೋಗಿಗಳ ಸಂಖ್ಯೆ ತುಂಬುವ ಒತ್ತಡ ಇಂಥ ಕೆಲಸದಲ್ಲಿ ಇದ್ದೇ ಇರುತ್ತದೆ. ಅಂದು ಒಬ್ಬರು ಕಡಿಮೆಯಾದದ್ದಕ್ಕೆ ನನಗೆ ಸಮಾಧಾನವಿತ್ತು.

ಸಹಜ ಸಂಖ್ಯೆಯನ್ನು ಕೇಳುವುದನ್ನೂ ಬದಲಿಸಿದ್ದೇನೆ. ನಾಲ್ಕು ವರ್ಷ ಕಾಯಿಲೆಯೊಂದಿಗೆ ಬದುಕಿದವರಿಗೆ ‘ಸಹಜ’ ಎಂದರೆ ಇಂದಿನದೇ ಆಗಿಬಿಟ್ಟಿರುತ್ತದೆ. ಕೊನೆಯ ಮಗು ಹುಟ್ಟುವ ಮುಂಚೆ, ಮನೆ ಕಟ್ಟಿಸಿದ ವರ್ಷ ಎಂದು ಅವರ ಬದುಕಿನ ಯಾವುದಾದರೂ ಗುರುತು ಹಿಡಿದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಸಿರುಗುಪ್ಪ ಕಡೆಯ ಆ ಹೆಣ್ಣುಮಗಳು ಅಧ್ಯಯನಕ್ಕೆ ಸೇರಿದಳು. ಆಕೆಗೆ ಸಿಗುತ್ತಿರುವುದು ಔಷಧವೋ ಔಷಧವಿಲ್ಲದ ಗುಳಿಗೆಯೋ ಎಂಬುದು ಆಕೆಗೂ ತಿಳಿಯದು, ನನಗೂ ವೈದ್ಯರಿಗೂ ತಿಳಿಯದು. ಹಗಲಿನಲ್ಲಿ ಮಗಳು ಶಾಲೆಗೆ ಹೋಗುವುದರಿಂದ, ಹಾಲಿನ ಲೆಕ್ಕಕ್ಕೆ ಗೀಟು ಹಾಕುವ ಹಾಗೆ ಬಚ್ಚಲ ಗೋಡೆಯ ಮೇಲೆ ಇದ್ದಿಲಿನಿಂದ ಪ್ರತಿ ಸಲಕ್ಕೂ ಒಂದು ಗೀಟು ಎಳೆಯುತ್ತಾಳೆ, ಸಂಜೆ ಮಗಳು ಅದನ್ನು ಎಣಿಸಿ ದಿನಚರಿಗೆ ಏರಿಸುತ್ತಾಳೆ. ಯುಗಾದಿಯ ಹಿಂದಿನ ವಾರದ ಭೇಟಿಗೆ ಬಂದಾಗ ದಿನಚರಿಯ ಜೊತೆಗೆ ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನೂ ತಂದಿದ್ದಳು. ಹಬ್ಬಕ್ಕೆ ಸುಣ್ಣ ಹೊಡೆಯುವ ಮುಂಚೆ ಗೋಡೆಯ ಮೇಲಿದ್ದ ಗೀಟುಗಳನ್ನೆಲ್ಲ, ದಿನಕ್ಕೊಂದು ಸಾಲಿನಂತೆ, ಮಗಳಿಂದ ಇದ್ದದ್ದು ಇದ್ದ ಹಾಗೆ ಅದಕ್ಕೆ ಇಳಿಸಿಸಿದ್ದಳು. ‘ಅಳಿಸಿಹೋದ್ರ ನೀವು ಕೇಳಿದಾಗ ಏನು ತೋರಿಸ್ಲಿ ಅಕ್ಕಾ’ ಎಂದಳು. ನಾನು ಆ ಹಾಳೆಯ ಕೆಳಗೆ ದಿನಾಂಕ ಬರೆದು ಸಹಿ ಮಾಡಿ, ಆಕೆಯ ಮೂಲ ದಾಖಲೆಗಳ ಫೈಲಿನಲ್ಲಿ ದಿನಚರಿಯ ಹಿಂದೆಯೇ ಸೇರಿಸಿದೆ.